ಹಾಳೆಯ ಹಿಂಬದಿ ಓದದ ಆಸ್ಪತ್ರೆಯ ಮೇಲಧಿಕಾರಿಗೆ

ಮಾನ್ಯ ಮೇಲಧಿಕಾರಿಗಳೇ,

ಮೊದಲ ಸಲ ನಿಮ್ಮ ಕೋಣೆಗೆ ಬಂದಾಗ ನಾವು ಹೆಂಗಸರೆಲ್ಲ ನೆಲಕ್ಕೆ ಮೊಣಕಾಲೂರಿ ನಿಮಗೆ ವಂದಿಸಿದ್ದೆವು. ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಮೀನು ಒಣಹಾಕುವ ಅಟ್ಟಣೆಯ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ, ವಾಸನೆ ಬಂದರೆ ಸಹಿಸಿಕೊಳ್ಳಿ. ನಮ್ಮ ನಲೊಂಗೊಳನ್ನು ನೀವು ಬೀಗ ಹಾಕಿ ಕೂಡಿಹಾಕಿ ಇವತ್ತಿಗೆ ಹತ್ತೊಂಬತ್ತು ದಿನ. ಆಕೆಗೆ ವಾಸಿಯಾಗಿ ಹದಿನೈದು ದಿನ. ಈ ಹದಿನೈದು ದಿನ ನೀವು ಯಾವ ಕಾಯಿಲೆಗೆ, ಯಾರ ಕಾಯಿಲೆಗೆ, ಚಿಕಿತ್ಸೆ ಮಾಡುತ್ತಿದ್ದೀರಿ ಎಂದು ಊರೆಲ್ಲ ಕೇಳುವ ಹಾಗೆ ಕೇಳುತ್ತಿದ್ದೇನೆ.

ಅವಳಿ ಮಕ್ಕಳನ್ನು ಹೆತ್ತವಳನ್ನು ನಮ್ಮಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ನಲೊಂಗೊ ಎನ್ನುತ್ತೇವೆ. ನಿಮ್ಮ ತಾಯಿಯೂ ಹಾಗೆಯೇ ಕರೆದಾರು. ನಿಮ್ಮ ವಾರ್ಡಿನಲ್ಲಿ ಮಾತ್ರ ಆಕೆಗೆ 'ಒಂಬತ್ತನೇ ಕೋಣೆ' ಎಂದು ಹೆಸರಿಟ್ಟಿದ್ದೀರಿ.

ನಾವು ಬುಧವಾರದವರು. ಸರೋವರದ ದಡದಲ್ಲಿರುವ ಹಲಸಿನ ಮರದಡಿ ಪ್ರತಿ ಬುಧವಾರ ಸೇರುತ್ತೇವೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಸಲ ತಲೆ ಕೈಕೊಟ್ಟಿದೆ. ದೋಣಿ ರಿಪೇರಿಯ ಕ್ಯೋಬೆಗೆ ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆ. ನನಗೆ ಚಿಂತೆಯ ಕಾಯಿಲೆ: ಮನೆಯ ಚಿಲಕ ಹಾಕಿ ದಡ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಹಿಂದಿರುಗಿ ನೋಡುತ್ತೇನೆ. ನಮ್ಮ ಬಳಿ ಒಂದು ಪುಸ್ತಕವಿದೆ. ಚೆನ್ನಾಗಿರುವಾಗ ಒಬ್ಬೊಬ್ಬರೂ ತಮ್ಮ ಹಾಳೆ ಬರೆಸುತ್ತಾರೆ: ನನಗೆ ಶುರುವಾಗುವಾಗ ಹೀಗೆ ಆಡುತ್ತೇನೆ, ಆಗ ನನಗೆ ಇದನ್ನು ಮಾಡಿ, ಇದನ್ನು ಮಾಡಬೇಡಿ ಎಂದು. ಐದನೇ ತರಗತಿಯವರೆಗೆ ಓದಿದವಳು ನಾನೊಬ್ಬಳೇ, ಹಾಗಾಗಿ ಬರೆದವಳು ನಾನು.

ಆ ಪುಸ್ತಕವನ್ನು ನೀವೇ ಕೇಳಿದಿರಿ. ಮರೆತಿರಬಹುದು, ದೊಡ್ಡವರು. ನನಗೆ ಮರೆವಿನ ಭಾಗ್ಯವಿಲ್ಲ. "ಭಾಳ ಒಳ್ಳೆ ಕೆಲಸ ಕಣಮ್ಮ ಇದು. ಕೊಟ್ಟಿರಿ, ನಕಲು ಮಾಡಿಸ್ಕೊಂಡು ಎರಡೇ ದಿನಕ್ಕೆ ವಾಪಸ್ ಕೊಡ್ತೀನಿ. ನಮ್ಮ ನರ್ಸುಗಳೂ ನಿಮ್ಮಿಂದ ಕಲೀಲಿ" ಎಂದಿರಿ. ನಾವು ಉಬ್ಬಿಹೋದೆವು. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆವು. ಪುಸ್ತಕ ಹೇಳಿದ ದಿನಕ್ಕೇ ಹಿಂದಕ್ಕೆ ಬಂತು, ಅದನ್ನು ಒಪ್ಪುತ್ತೇನೆ.

ನಲೊಂಗೊಳ ಹಾಳೆಯ ಮುಂಬದಿಯಲ್ಲಿ ಹೀಗಿದೆ: 'ನನಗೆ ಶುರುವಾಗುವಾಗ ಸತ್ತ ಗಂಡನಿಗೂ ತಟ್ಟೆ ಇಟ್ಟು ಬಡಿಸುತ್ತೇನೆ. ಆಗ ಆಸ್ಪತ್ರೆಗೆ ಕರೆದೊಯ್ದು ಸೂಜಿ ಹಾಕಿಸಿ. ಆಗ ನಾನು ಚೆನ್ನಾಗಿದ್ದೇನೆ ಅಂದರೆ ನಂಬಬೇಡಿ.' ಅಲ್ಲಿಗೆ ಜಾಗ ಮುಗಿಯಿತು. ಹಿಂಬದಿಯಲ್ಲಿ ಮುಂದುವರಿಸಿದ್ದೇನೆ: 'ನಂತೊಂಗೊಳನ್ನು ಕೇಳಿ. ನಾನು ಒಂದೇ ತಟ್ಟೆಯಲ್ಲಿ ಉಂಡ ದಿನ ನನ್ನ ಮಾತು ನಂಬಿ, ಮನೆಗೆ ಕರೆತನ್ನಿ. ಬೀಗ ಮಾತ್ರ ಹಾಕಬೇಡಿ, ಆ ಸದ್ದಿಗೆ ನನಗೆ ಹೆಚ್ಚಾಗುತ್ತದೆ.' ನಂತೊಂಗೊ ಎಂದರೆ ನಾನು.

ಈ ತಿಂಗಳ ಮೊದಲಲ್ಲಿ ಆಕೆ ಎರಡು ತಟ್ಟೆ ಇಡತೊಡಗಿದಳು. ಹಾಳೆಯಲ್ಲಿ ಹೇಳಿದಂತೆ ನಾವೇ ಕೈಹಿಡಿದು ನಿಮ್ಮಲ್ಲಿಗೆ ಕರೆತಂದೆವು. ಸೂಜಿ ಹಾಕಿದಿರಿ, ಪುಣ್ಯ ಬರಲಿ. ಹಿಂದೆಯೇ ಬೀಗವನ್ನೂ ಹಾಕಿದಿರಿ. ದಿನವೂ ಊಟ ತರುವವಳು ನಾನೇ, ಬಾಗಿಲಿನ ಕಿಂಡಿಯಿಂದ ಕೊಡುತ್ತೇನೆ. ನಾಲ್ಕನೇ ದಿನ ಬೇಕೆಂದೇ ಎರಡು ತಟ್ಟೆಯಲ್ಲಿ ಬೇಯಿಸಿದ ಬಾಳೆಕಾಯಿ ತಂದೆ. ಒಂದನ್ನು ಹಿಂದಕ್ಕೆ ತಳ್ಳಿದಳು.

"ಇದ್ಯಾರಿಗೇ?"

"ನಿನ್ನ ಯಜಮಾನರಿಗೆ."

"ಅವ್ನು ಹೋಗಿ ಆರು ವರ್ಷ ಆಯ್ತಲ್ಲೇ. ಏನ್ ನಿಂಗೂ ಶುರುವಾಯ್ತಾ? ಬಾ ಒಳಗೆ, ಜಾಗ ಇದೆ" ಎಂದು ನಕ್ಕಳು. ಹದಿನೈದು ದಿನದ ಹಿಂದಿನ ಮಾತು ಇದು. ನಗುವಾಗ ಕಿಂಡಿಯಲ್ಲಿ ಬರೀ ಹಲ್ಲು ಕಾಣುತ್ತಿತ್ತು.

ಓಡಿಹೋಗಿ ನರ್ಸಮ್ಮನಿಗೆ ಹೇಳಿದೆ. ಆಕೆ ಗೋಡೆಗೆ ಅಂಟಿಸಿದ್ದ ನಕಲನ್ನು ತೋರಿಸಿದರು. ಅದು ನನ್ನದೇ ಕೈಬರಹ. "ನೋಡಿ, ಅವ್ರೇ ಬರೆಸಿದಾರೆ, ಚೆನ್ನಾಗಿದೀನಿ ಅಂದ್ರೆ ನಂಬಬೇಡಿ ಅಂತ. ದಿನಾ ಅದನ್ನೇ ಅಂತಾರೆ. ನಾವೇನ್ಮಾಡೋಣ?"

"ಹಿಂದುಗಡೆ ನೋಡಿ ಸಿಸ್ಟರ್."

ಆಕೆ ತಿರುವಿ ನೋಡಿದರು. ಖಾಲಿ. ನಿಮ್ಮ ಯಂತ್ರ ಮುಂಬದಿಗಳನ್ನಷ್ಟೇ ನಕಲು ಮಾಡಿತ್ತು.

ಅಸಲು ಪುಸ್ತಕವನ್ನೇ ಎದೆಗವಚಿಕೊಂಡು ನಿಮ್ಮ ಬಳಿ ಬಂದೆ. ಅಲ್ಲಿ ನಡೆದ ಮಾತು ನಿಮಗೆ ನೆನಪಿರಲಿಕ್ಕಿಲ್ಲ, ಗಡಿಯಾರ ನೋಡುತ್ತಿದ್ದಿರಿ. ಅದಕ್ಕೇ ಇಲ್ಲಿ ಇದ್ದಂತೆ ಇಳಿಸುತ್ತೇನೆ.

"ನೀವು ಆಕೆಗೆ ಏನಾಗ್ಬೇಕು?"

"ಗೆಳತಿ, ಸ್ವಾಮಿ."

"ಸಂಬಂಧಿಕರಲ್ಲ."

"ಅಲ್ಲ. ಹಾಳೆ ಒಂದ್ಸಲ ತಿರುವಿ ನೋಡಿ, ಸ್ವಾಮಿ."

"ನೀವೂ ನಮ್ಮಲ್ಲಿ ಮಾತ್ರೆ ತಗೊಳ್ಳೋರಲ್ವಾ? ಒಬ್ಬ ರೋಗಿಗೆ ಇನ್ನೊಬ್ಬ ರೋಗಿ ಸಾಕ್ಷಿನಾ? ಚೆನ್ನಾಗಿದೆ! ಹೋಗಿ, ಮೀನು ಒಣಗ್ಸಿ ಹೋಗಿ."

ಹೋದೆ, ಸ್ವಾಮಿ. ಮೀನು ಹರಡುತ್ತಾ ಯೋಚಿಸಿದೆ. ಚಿಂತೆ ಮಾಡುವವರು ಮೆತ್ತಗಿನವರೆಂದು ಜನ ತಿಳಿದಿದ್ದಾರೆ. ಚಿಂತೆ ಮಾಡುವವರಿಗೆ ಯೋಚಿಸಲು ಹೊತ್ತು ಬೇಕಾದಷ್ಟಿರುತ್ತದೆ.

ಆಕೆ 'ಚೆನ್ನಾಗಿದ್ದೇನೆ' ಎಂದರೆ ಅದು ಕಾಯಿಲೆಯ ಮಾತು. 'ಚೆನ್ನಾಗಿಲ್ಲ' ಎಂದರೆ ಕೇಳುವುದೇ ಬೇಡ. ಅತ್ತರೆ ಕಾಯಿಲೆ, ನಕ್ಕರೆ ಕಾಯಿಲೆ, ಸುಮ್ಮನಿದ್ದರೆ ಇನ್ನೂ ದೊಡ್ಡ ಕಾಯಿಲೆ. ಹಾಗಾದರೆ ಆ ಬಾಗಿಲು ತೆರೆಯುವ ಮಾತು ಯಾವುದು? ನಿಮಗಾದರೂ ಗೊತ್ತಿದೆಯೇ? ಮರದಡಿ ಕೂತು, ಕಾಯಿಲೆ ತಲೆಗೇರುವ ಮೊದಲೇ ತನ್ನ ಗುಟ್ಟನ್ನು ತಾನೇ ಬಿಚ್ಚಿಟ್ಟ ಹೆಂಗಸಿಗೆ ಅದೇ ಮಾತನ್ನು ಬೀಗ ಮಾಡಿ ಜಡಿದಿರಲ್ಲ, ಇಷ್ಟು ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ನಮ್ಮ ಐದನೇ ತರಗತಿಯಲ್ಲಿ ಮೇಷ್ಟ್ರು ಮೊದಲು ಕಲಿಸಿದ್ದೇ ಹಾಳೆ ಮುಗಿದರೆ ತಿರುವಬೇಕೆಂದು.

ತಪ್ಪಿನಲ್ಲಿ ನನಗೂ ಪಾಲಿದೆ. ಕಾಗದ ಉಳಿಸಲು ಹಿಂಬದಿಗೆ ಹೋದವಳು ನಾನು. ಅಕ್ಷರ ಚಿಕ್ಕದು ಮಾಡಿ ಒಂದೇ ಬದಿಗೆ ತುರುಕಬಹುದಿತ್ತು. ಇದನ್ನು ನೆನೆದು ಅನ್ನ ಇಳಿಯುತ್ತಿಲ್ಲ. ನಿಮಗೆ ಇಳಿಯುತ್ತಿದೆಯೇ? ಇಳಿಯದಿರಲಿ ಎಂಬುದೇ ನನ್ನ ಪ್ರಾರ್ಥನೆ. ಪುಸ್ತಕ ಕೊಟ್ಟದ್ದಕ್ಕೆ ನಮ್ಮಲ್ಲಿ ಮೂವರು ಈಗ ಬುಧವಾರ ಬರುವುದನ್ನೇ ಬಿಟ್ಟಿದ್ದಾರೆ. "ಬರೆಸಿದ್ರೆ ತಾನೆ ಹಿಡ್ಕೊಳ್ಳೋದು" ಎನ್ನುತ್ತಾರೆ.

ನಾನು ಒಳ್ಳೆಯವಳಲ್ಲ. ಒಂಬತ್ತನೇ ಕೋಣೆಯಲ್ಲಿ ನಿಮ್ಮನ್ನು ಮನಸ್ಸಿನಲ್ಲೇ ಎಷ್ಟು ಸಲ ಕೂರಿಸಿ ನೋಡಿದ್ದೇನೋ ಲೆಕ್ಕವಿಲ್ಲ. ನೀವು ಬಾಗಿಲು ಬಡಿದು "ನಾನು ಇಲ್ಲಿಯ ಮೇಲಧಿಕಾರಿ!" ಎಂದು ಕೂಗುತ್ತೀರಿ. ನರ್ಸಮ್ಮ ಪಾಪ, ಮೃದುವಾಗಿ ಬರೆದುಕೊಳ್ಳುತ್ತಾರೆ: 'ತಾನು ಮೇಲಧಿಕಾರಿ ಎಂಬ ಭ್ರಮೆ, ಇನ್ನೂ ಇಳಿದಿಲ್ಲ.' ಈ ಚಿತ್ರ ಕಂಡ ದಿನ ಮಾತ್ರ ನಾನು ಚಿಲಕ ನೋಡಲು ಹಿಂದಿರುಗುವುದಿಲ್ಲ.

ಈ ಪತ್ರವನ್ನೂ ನನ್ನ ಕಾಯಿಲೆಯ ಲಕ್ಷಣವೆಂದು ಫೈಲಿಗೆ ಸೇರಿಸುತ್ತೀರೆಂಬ ಹೆದರಿಕೆ ನನಗಿದೆ. ಅದಕ್ಕೇ ಉಳಿದ ಆರು ಮಂದಿಯ ಹೆಬ್ಬೆಟ್ಟು ಇದರ ಕೆಳಗಿದೆ. ನಾಳೆ ಬೆಳಿಗ್ಗೆ ಮಾರುಕಟ್ಟೆಯ ಕಂಬದ ಧ್ವನಿವರ್ಧಕದಲ್ಲಿ ಕಳೆದುಹೋದ ಮೇಕೆಗಳ, ಸಾವಿನ ಸುದ್ದಿ ಓದಿದ ಮೇಲೆ ಇದನ್ನು ಓದಿಸುತ್ತೇವೆ.

ಇನ್ನೊಂದು ವಿಷಯ. ನಮ್ಮ ಪುಸ್ತಕದಲ್ಲಿ ನಿಮಗೂ ಒಂದು ಹಾಳೆ ತೆರೆದಿದ್ದೇವೆ. ಹೀಗಿದೆ: 'ಮೇಲಧಿಕಾರಿಗಳಿಗೆ ಶುರುವಾಗುವಾಗ ಇದಿರಿಗಿದ್ದವರು ಕಾಣಿಸುವುದಿಲ್ಲ. ಕಾಗದ ಮಾತಾಡಿದಂತೆ ಕೇಳಿಸುತ್ತದೆ, ಮನುಷ್ಯರು ಮಾತಾಡಿದ್ದು ಕೇಳಿಸುವುದಿಲ್ಲ. ಆಗ ಅವರನ್ನು ಒಂಟಿಯಾಗಿ ಬಿಡಬಾರದು. ಎಲ್ಲ ಸರಿಯಾಗಿದೆ ಅಂದರೆ ನಂಬಬಾರದು.' ಕ್ಯೋಬೆ "ಸೂಜಿಗೆ ಹೆದರ್ತಾರಾ ಕೇಳ್ಕೊಂಡು ಬಾ, ಅದನ್ನೂ ಬರಿ" ಎಂದ. ಅದನ್ನು ಬರೆದಿಲ್ಲ.

ನಮ್ಮ ಬೇಡಿಕೆ ಒಂದೇ. ಬರುವ ಬುಧವಾರ ಮಧ್ಯಾಹ್ನದ ಊಟಕ್ಕೆ ಮೊದಲು ಒಂಬತ್ತನೇ ಕೋಣೆಯ ಬೀಗ ತೆಗೆಯಿರಿ. ಆಕೆಯನ್ನು ಕೋಣೆಯ ಸಂಖ್ಯೆಯಿಂದಲ್ಲ, ನಲೊಂಗೊ ಎಂದು ಕರೆದು ಹೊರಗೆ ಕಳಿಸಿ. ಇಲ್ಲವಾದರೆ ಆ ಮಧ್ಯಾಹ್ನದಿಂದಲೇ ನಿಮ್ಮ ಕೋಣೆಯ ಬಾಗಿಲಲ್ಲಿ, ನಿಮ್ಮ ಹಾಳೆಯಲ್ಲಿ ಹೇಳಿದಂತೆ, ಸರದಿಯ ಮೇಲೆ ಕೂರುತ್ತೇವೆ. ನೀವು ಊಟಕ್ಕೆ ಎದ್ದರೆ ನಾವೂ ಎದ್ದು ಜೊತೆಗೆ ಬರುತ್ತೇವೆ. ಬೈಯುವುದಿಲ್ಲ, ಮುಟ್ಟುವುದಿಲ್ಲ. ಬಹಳ ಪ್ರೀತಿಯಿಂದ, ಹಗಲೆಲ್ಲ, ಹುಷಾರಾದಿರಾ ಎಂದು ಕೇಳುತ್ತಿರುತ್ತೇವೆ. ನಿಮಗೆ ವಾಸಿಯಾಗುವವರೆಗೆ.

ನಿಮ್ಮ ಹಾಳೆಯ ಹಿಂಬದಿ ಸದ್ಯಕ್ಕೆ ಖಾಲಿ ಇದೆ. ಬುಧವಾರ ಬರೆಯುತ್ತೇವೆ. ನಾವು ತಿರುವಿ ನೋಡುವ ಜನ.

ಇಂತಿ,
ಸಾಕ್ಷಿ ಹೇಳಲು ಯೋಗ್ಯಳಲ್ಲದ, ಆದರೆ ಎರಡೂ ಬದಿ ಓದಬಲ್ಲ,
ನಂತೊಂಗೊ
ಮೀನು ಒಣಗಿಸುವವಳು