ಅಮ್ಮನ ಕಲಶದ ವಿದೇಶಿ ನಾಣ್ಯಗಳು

ವರ್ತಕ ನಗರ, ಠಾಣೆ

ಪ್ರೀತಿಯ ಯತೀಶ,

ಮಸ್ಕತ್ತಿನಲ್ಲಿ ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಫೋನು ಬಿಟ್ಟು ಕಾಗದ ಬರೆಯುವುದಕ್ಕೆ ಕಾರಣವಿದೆ: ಇದನ್ನು ನೀನು ಫಾರ್ವರ್ಡ್ ಮಾಡಲಾರೆ.

‘ಮನೆಯಲ್ಲಿ ವಿದೇಶಿ ಹಣ ಇಟ್ಟರೆ ಜೈಲು’ ಎಂದು ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಅಮ್ಮ ಓದಿದರು. ಹಡಗಿನಲ್ಲಿ ಅಡುಗೆಯವರಾಗಿದ್ದ ಅಪ್ಪ ಬಂದರಿಗೊಂದರಂತೆ ತಂದುಕೊಟ್ಟ ನಾಣ್ಯಗಳು ಲಕ್ಷ್ಮೀಪೂಜೆಯ ಕಲಶದಲ್ಲಿವೆಯಲ್ಲ, ಅವನ್ನೆಲ್ಲ ಬಾಡಿದ ಹೂವಿನೊಡನೆ ಗಂಟು ಕಟ್ಟಿ ಕಳವಾ ಖಾಡಿಯ ನೀರಿಗೆ ಎಸೆಯಲು ಹೊರಟೇಬಿಟ್ಟರು. ರಿಕ್ಷಾ ಹತ್ತುವಾಗ ಹಿಡಿದೆ.

“ಅವ್ರು ಹೋದ್ಮೇಲೆ ಉಳಿದದ್ದು ಇದೊಂದೇ. ಆದ್ರೆ ಪೊಲೀಸ್ರು ಬಂದ್ರೆ ಸೊಸೈಟಿಯವ್ರಿಗೆ ಮುಖ ತೋರ್ಸುದು ಹೇಗೆ ಮಾರಾಯ್ತಿ?” ಎಂದು ಕಣ್ಣೊರೆಸಿಕೊಂಡರು.

ಅದೇ ರಿಕ್ಷಾದಲ್ಲಿ ಬ್ಯಾಂಕಿಗೆ ಕರೆದೊಯ್ದೆ. ಅಲ್ಲಿನ ಮೇಡಂ ಗಂಟು ಬಿಚ್ಚಿ ನೋಡಿ ನಕ್ಕು, ಮರಾಠಿಯಲ್ಲಿ ಹೇಳಿದರು: “ಆಜೀ, ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಲಿಮಿಟ್ ಇರೋದು ನೋಟಿಗೆ. ನಾಣ್ಯ ಎಷ್ಟು ಬೇಕಾದ್ರೂ ಇಟ್ಕೊಳ್ಳಿ.”

ನಾಣ್ಯಕ್ಕೆ ಮಿತಿಯಿಲ್ಲ, ಅಮ್ಮನಿಗಿನ್ನು ಭೀತಿಯಿಲ್ಲ. ಪ್ರಾಸ ನನ್ನದು, ನಿಯಮ ಅವರದು.

ಹೊರಗೆ ಬಂದು, ಕಬ್ಬಿನ ಹಾಲು ಕುಡಿದು ಸುಧಾರಿಸಿಕೊಂಡ ಮೇಲೆ ಅಮ್ಮ ಕೇಳಿದರು: “ಹಾಗಾದ್ರೆ ನಿಮ್ಮಪ್ಪ ಕಾಯ್ದೆ ನೋಡಿಯೇ ತಂದದ್ದಾ?” ಹೌದೆಂದೆ. ಬದುಕಿದ್ದಾಗ ಅವರಿಗೆ ಸಿಗದ ಮರ್ಯಾದೆ ಈಗಲಾದರೂ ಸಿಗಲಿ.

ಇನ್ನು ಮೇಲೆ ಅಮ್ಮನಿಗೆ ಏನನ್ನಾದರೂ ಕಳಿಸುವ ಮೊದಲು ನನ್ನನ್ನು ಕೇಳು. ರಜೆಗೆ ಬರುವಾಗ ಒಮಾನಿನ ಒಂದು ನಾಣ್ಯ ತರಬೇಕಂತೆ. ಕಲಶದಲ್ಲಿ ನಿನ್ನದೊಂದೂ ಇಲ್ಲವೆಂದು ಅವರಿಗೆ ಈಗ ನೆನಪಾಗಿದೆ.

ನಿನ್ನ ಅಕ್ಕ,
ಶಶಿಪ್ರಭಾ