ಬುಟ್ಟಿ ಅಟ್ಟದ ಮೇಲಿದೆ, ಅಮ್ಮ

ಗಂಗೊಳ್ಳಿ,
ನವೆಂಬರ್ ೨೦೧೧

ಅಮ್ಮಾ,

ಎದುರು ನಿಂತು ಹೇಳಿದರೆ ಮಧ್ಯಾಹ್ನದೊಳಗೆ ಮರೆತುಬಿಡುತ್ತೀ. ನೀನು ನಾಲ್ಕನೇ ಕ್ಲಾಸಿನವರೆಗೆ ಕಲಿತ ಓದು ಮಾತ್ರ ಇನ್ನೂ ಉಳಿದಿದೆ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದು ನಿನ್ನ ಎಲೆಅಡಿಕೆ ಚೀಲದಲ್ಲಿ ಇಡುತ್ತಿದ್ದೇನೆ. ನಿನ್ನ ಕೈ ಈಗ ದಾರಿ ತಪ್ಪದೆ ಹೋಗುವುದು ಅಲ್ಲಿಗೊಂದೇ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ, ನೀನು ಅಂಗಳದಲ್ಲೇ ಇದ್ದೀಯೋ, ದೋಣಿ ನೋಡಲು ದಕ್ಕೆಗೆ ಹೊರಟೆಯೋ ಎಂದು.

ದಿನಾ ಬೆಳಿಗ್ಗೆ ಕೇಳುತ್ತೀ, "ಹೆಣೆ ಸುಗುಣ, ನನ್ ಬುಟ್ಟಿ ಎಲ್ಲಿತ್ತ್?" ಇವತ್ತು ದೋಣಿ ಬರಲಿಲ್ಲ, ಮೀನಿಲ್ಲ ಎಂದು ದಿನಾ ಸುಳ್ಳು ಹೇಳುತ್ತೇನೆ. ದಕ್ಕೆಯಲ್ಲಿ ಮೀನು ಹರಾಜಿನ ಕೂಗು ನಮ್ಮ ಜಗಲಿಗೇ ಕೇಳುತ್ತದೆ. "ದೋಣಿ ಬರ್ದೆ ಏಲಂ ಎಂತದ್ದ್?" ಎಂದು ನನ್ನ ಮುಖ ನೋಡುತ್ತೀ. ನನಗೆ ಸಾಕಾಗಿದೆ.

ನಡೆದದ್ದು ಇಷ್ಟು. ಮಾರ್ಚ್ ತಿಂಗಳಲ್ಲಿ ಮೀನು ಮಾರಲು ಹೋದ ನೀನು ವಂಡ್ಸೆಯಲ್ಲಿ ಬಸ್ಸಿಳಿಯುವಾಗ ಬಿದ್ದೆ, ಮೋರಿಯ ಕಲ್ಲಿಗೆ ತಲೆ ಬಡಿಯಿತು. ಅರವತ್ತೆಂಟು ವರ್ಷದ ಹಟಮಾರಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬುಟ್ಟಿ ಖಾಲಿ ಮಾಡಿಯೇ ಮನೆಗೆ ಬಂದೆ. ಮೂರು ವಾರ ಬಿಟ್ಟು ವಾಂತಿ, ನಡಿಗೆ ಓರೆ. ತಲೆಯೊಳಗೆ ರಕ್ತ ನಿಧಾನಕ್ಕೆ ಒಸರಿ ನಿಂತಿದೆ, ವಯಸ್ಸಾದವರಿಗೆ ಹೀಗಾಗುತ್ತದೆ ಎಂದ ಡಾಕ್ಟರು ಅದನ್ನು ತೆಗೆದರು. ಜೀವ ಉಳಿಯಿತು. ನೆನಪು ಚೂರಾಯಿತು, ಸಿಟ್ಟು ಮೂಗಿನ ತುದಿಗೆ ಬಂತು. ಆ ಮೂಗಿಗೆ ವಾಸನೆ ಹೋಗಿದೆಯೆಂದು ಮಾತ್ರ ಆಗ ನಮಗೆ ಯಾರಿಗೂ ತಿಳಿಯಲಿಲ್ಲ.

ಮಳೆಗಾಲ ಕಳೆದು ನೀನು ಮತ್ತೆ ಬುಟ್ಟಿ ಹೊತ್ತೆ. ಒಂದು ದಿನ ಗಂಜಿಗೆಂದು ಬಂದು ಬುಟ್ಟಿ ಇಳಿಸಿದಾಗ ಬಂಗುಡೆ ಮೀನು ಹಾಳಾದ ವಾಸನೆ ನನ್ನ ಮೂಗಿಗೆ ಬಡಿಯಿತು. ಹಿಂದಿನ ದಿನವಷ್ಟೇ ಸಾರು ಸೀದಿದೆ ಎಂದು ನಾನು ಹೇಳಿದ್ದಕ್ಕೆ ಸೌಟು ಬೀಸಿದ್ದೆ ನೀನು. ಅದಕ್ಕೆ ಹೆದರಿ ನಾನು ಬಾಯಿ ಮುಚ್ಚಿಕೊಂಡೆ. ನೀನು ಸೀದಾ ವಂಡ್ಸೆಯ ಕಮಲಮ್ಮನ ಮನೆಗೆ ಹೋದೆ, ಮೂವತ್ತು ವರ್ಷದ ಖಾಯಂ ಮನೆ. "ಗುಲಾಬಿ, ವಾಸ್ನಿ ಬತ್ತ್ ಮಾರಾಯ್ತಿ" ಎಂದರಂತೆ ಅವರು. "ನಲ್ವತ್ತ್ ವರ್ಷ ಮೀನ್ ಹೊತ್ತಿದ್ದೆ, ನೀವ್ ಕಲ್ಸುದಾ ನಂಗೆ?" ಎಂದು ಅವರ ಅಂಗಳದಲ್ಲೇ ಬುಟ್ಟಿ ಕವುಚಿ ಬಂದೆ. ಫೋನು ಮಾಡಿ ಹೇಳುವಾಗ ಅವರು ಅಳುತ್ತಿದ್ದರು. ಮರುದಿನವೇ ನಾನು ಬುಟ್ಟಿ ಅಡಗಿಸಿದೆ.

ತಪ್ಪು ನನ್ನದು ಅಮ್ಮ. ಮೀನು ಹಾಳಾದದ್ದು ಗೊತ್ತಿದ್ದೂ ಹೇಳಲಿಲ್ಲ. ಹೈಸ್ಕೂಲಿಗೆ ಹೋಗುವಾಗ ಮೀನಿನ ವಾಸನೆಗೆ ನಾಚಿ, ಒಂದೇ ಬಸ್ಸಿನಲ್ಲಿ ನಿನ್ನನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತವಳು ನಾನು. ನೀನು ತಿರುಗಿಯೂ ನೋಡದೆ ಇಬ್ಬರಿಗೂ ಟಿಕೆಟು ತೆಗೆಯುತ್ತಿದ್ದೆ.

ಬುಟ್ಟಿ ಅಟ್ಟದ ಮೇಲೆ, ಹಳೆ ಬಲೆಯ ಅಡಿಯಲ್ಲಿದೆ. ಓದಿ ಬೈ, ಬೇಕಾದರೆ ಸೌಟೂ ಬೀಸು. ಆಮೇಲೆ ಇಬ್ಬರೂ ದಕ್ಕೆಗೆ ಹೋಗೋಣ. ಚೌಕಾಸಿ ನಿನ್ನದು, ಮೂಸುವುದು ನನ್ನದು. ಒಳ್ಳೆಯ ಬಂಗುಡೆ ಆರಿಸಿ ಮೊದಲು ಕಮಲಮ್ಮನ ಮನೆಗೆ. ಮರೆತರೆ ಕಾಗದ ಚೀಲದಲ್ಲೇ ಇರುತ್ತದೆ. ಮತ್ತೆ ಓದು, ಮತ್ತೆ ಬೈ.

ಬಸ್ಸಿನಲ್ಲಿ ನಿನ್ನ ಪಕ್ಕದಲ್ಲೇ ಕೂರುತ್ತೇನೆ. ಟಿಕೆಟು ನಾನು ತೆಗೆಯುತ್ತೇನೆ.

ನಮ್ಮ ಕಡಲ ದೈವ ಬೊಬ್ಬರ್ಯ ನಿನ್ನ ತಲೆ ಕಾಯಲಿ.

ನಿನ್ನ ಹೆಣ್ಣು,
ಸುಗುಣ