ಉಮ್ಮ್ ಅಮ್ಮಾರ್ ಕೇಳಿದ ಅರ್ಧ ಗಂಟೆ

ಏಪ್ರಿಲ್ 14, ಸೋಮವಾರ

ನಾಲ್ಕೂವರೆಗೆ ಅಲಾರಂ, ಐದೂವರೆಗೆ ಬಸ್ಸು. ನಿನ್ನೆಯ ದೋಸೆ ಎರಡು, ನಿಂತುಕೊಂಡೇ. ಸ್ವೆಟರ್ ಮರೆತು ಕೆಳಗಿಳಿದವಳು ಪುನಃ ಮೂರು ಮಹಡಿ ಹತ್ತಿದೆ. ಏಪ್ರಿಲ್‌ನಲ್ಲಿ, ಸೌದಿಯಲ್ಲಿ, ಸ್ವೆಟರ್! ಖಫ್ಜಿಯ ಆಸ್ಪತ್ರೆಯಲ್ಲಿ ಎಂಟು ವರ್ಷ ನರ್ಸ್ ಆಗಿ ಇದ್ದೆ. ಅಲ್ಲಿ ಎರಡೇ ಕಾಲ — ಹೊರಗೆ ಸೆಕೆ, ಒಳಗೆ ಎಸಿ. ಈ ಅಭಾ ಬೆಟ್ಟದ ನೆತ್ತಿಯಲ್ಲಿದೆ. ನವೆಂಬರ್‌ನಲ್ಲಿ ಬಂದಾಗಿನಿಂದ ಹಲ್ಲು ಕಟಕಟ. ಊರಿಗೆ, ಕುಲಶೇಖರಕ್ಕೆ ಫೋನ್ ಮಾಡಿ ಹೇಳಿದರೆ ಜೇಸನ್, "ಸೌದಿಯಲ್ಲಿ ಚಳಿಯಾ? ಜ್ವರ ಉಂಟಾ ನೋಡು ಮಾರಾಯ್ತಿ" ಅಂತಾರೆ. ಗಂಡನಿಗೆ ಇನ್ನೆಷ್ಟು ಸಲ ಹೇಳುವುದು.

ದಾರಿ ಇಡೀ ನೇರಳೆ ಹೂ. ಮೊನ್ನೆವರೆಗೆ ಬೋಳಾಗಿದ್ದ ಮರಗಳು. ಬಸ್ಸಿನಲ್ಲಿ ಎಲ್ಲರೂ ನಿದ್ದೆ, ನಾನೊಬ್ಬಳೇ ಬಾಯಿ ಬಿಟ್ಟು ನೋಡಿದ್ದು.

ಡಯಾಲಿಸಿಸ್ ಯೂನಿಟ್‌ನಲ್ಲಿ ಹದಿನಾಲ್ಕು ಮೆಷಿನ್, ನನಗೆ ನಾಲ್ಕು. ಒಂಬತ್ತನೇ ಕುರ್ಚಿ ಉಮ್ಮ್ ಅಮ್ಮಾರ್. ಅಮ್ಮಾರ್‌ನ ತಾಯಿ ಅಂತ. ಸ್ವಂತ ಹೆಸರು ಫೈಲಿನಲ್ಲಿ ಮಾತ್ರ. ಎಪ್ಪತ್ತು ದಾಟಿದೆ. ಶನಿ, ಸೋಮ, ಬುಧ, ನಾಲ್ಕು ನಾಲ್ಕು ಗಂಟೆ. ಎಡಗೈಯ ಫಿಸ್ಟುಲಾ, ಅಂದರೆ ಸೂಜಿ ಹಾಕಲಿಕ್ಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಹಾಳಾಗಿ ಮೂರು ವರ್ಷ. ಉಳಿದದ್ದು ಬಲಗೈಯದ್ದು. ಸೂಜಿ ಹಾಕುವ ಮೊದಲು ಬೆರಳಿಟ್ಟು ನೋಡಬೇಕು. ಒಳಗೆ ಗುರುಗುರು ಅನ್ನಬೇಕು, ಬೆಕ್ಕಿನ ಕುತ್ತಿಗೆ ಮುಟ್ಟಿದ ಹಾಗೆ. ಅಂದರೆ ರಕ್ತ ಓಡ್ತಾ ಉಂಟು. ಅದು ನಿಂತರೆ ಆ ಕೈ ಮುಗೀತು.

ಹೂವಿನ ಸುದ್ದಿ ಅಜ್ಜಿಗೆ ಹೇಳಿದೆ, ನನ್ನ ಹರಕು ಅರಬ್ಬಿಯಲ್ಲಿ. ನಕ್ಕರು. "ಯಾ ಬಿಂತಿ, ಇದು ನೋಡಲಿಕ್ಕೆ ಮಾತ್ರ. ಪರಿಮಳದ್ದು ಬೇರೆ ಉಂಟು, ನಿಲ್ಲು." ಬಿಂತಿ ಅಂದರೆ ಮಗಳೇ. ಈ ಊರಲ್ಲಿ ನನ್ನನ್ನು ಹಾಗೆ ಕರೆಯುವುದು ಇವರೊಬ್ಬರೇ.

ಮೇ 3, ಶನಿವಾರ

ಆಲಿಕಲ್ಲು! ಐದು ನಿಮಿಷದಲ್ಲಿ ರಸ್ತೆ ಬೆಳ್ಳಗೆ. ಸೆಕ್ಯೂರಿಟಿಯವನು ಬಕೆಟ್ ತಲೆಗೆ ಹಾಕಿಕೊಂಡು ಓಡಿದ. ಒಂದು ತುಂಡು ಕಿಟಕಿಯಿಂದ ಹೆಕ್ಕಿ ಅಜ್ಜಿಯ ಬಾಯಿಗೆ ಹಾಕಿದೆ. ಅವರಿಗೆ ನೀರು ಲೆಕ್ಕ, ದಿನಕ್ಕೆ ಮುಕ್ಕಾಲು ಲೀಟರ್. ಕಣ್ಣು ಮುಚ್ಚಿ ಚೀಪಿದರು.

ಸೊಂಟ ನೋವು. ಬೇರೆ ಎಂತ ಇಲ್ಲ.

ಜೂನ್ 22, ಆದಿತ್ಯವಾರ

ಇಬ್ಬರು ನರ್ಸ್‌ಗಳು ರಜೆಯಲ್ಲಿ. ಆರನೇ ದಿನ ಡ್ಯೂಟಿ. ಉಡುಪಿ ಕಡೆಯ ಮೆಲ್ರಾಯ್ ಮತ್ತು ನಾನು, ಇಬ್ಬರೇ ಹತ್ತು ಮೆಷಿನ್ ಓಡಿಸಿದೆವು. "ಬಾಯಿ, ನಮ್ಮನ್ನೇ ಒಂದು ಸಲ ಆ ಮೆಷಿನ್‌ಗೆ ಹಾಕಬೇಕು" ಅಂತಾನೆ. ನಮ್ಮ ಭಾಷೆಯಲ್ಲಿ ಬಾಯಿ ಅಂದರೆ ಅಕ್ಕ. ನಗಲಿಕ್ಕೂ ಆಗಲಿಲ್ಲ.

ಅಕ್ಟೋಬರ್‌ನಲ್ಲಿ ಕಾಂಟ್ರಾಕ್ಟ್ ರಿನ್ಯೂ. ಮಗಳು ಶರೋನ್‌ಗೆ ಕಾಲೇಜು ಇನ್ನೂ ಎರಡು ವರ್ಷ. ಅಲ್ಲಿವರೆಗೆ ಎಳೆಯಬೇಕು. ಎಳೀತೇನೆ.

ಜುಲೈ 19, ಶನಿವಾರ

ರಿಯಾದ್, ಜಿದ್ದಾದವರೆಲ್ಲ ಕಾರು ಕಟ್ಟಿಕೊಂಡು ಬಂದಿದ್ದಾರೆ ಮಂಜು ನೋಡಲಿಕ್ಕೆ. ಮಧ್ಯಾಹ್ನ ಮಳೆ, ಆಮೇಲೆ ಎದುರಿನ ಬಿಲ್ಡಿಂಗ್ ಕಾಣೂದಿಲ್ಲ. ರಸ್ತೆ ಬದಿಯಲ್ಲಿ ಪಾಪಾಸುಕಳ್ಳಿಯ ಹಣ್ಣು, ಬಕೆಟ್ ಬಕೆಟ್. ನಮ್ಮಲ್ಲಿ ಬೇಲಿಗೆ ಬೆಳೆಯುವುದನ್ನು ಇವರು ಸಿಪ್ಪೆ ತೆಗೆದು, ತಣ್ಣಗೆ ಮಾಡಿ ಮಾರ್ತಾರೆ. ತಿಂದೆ. ಒಳ್ಳೆದುಂಟು. ಮೊನ್ನೆಯ ಮುಳ್ಳು ಇನ್ನೂ ನಾಲಿಗೆಯಲ್ಲಿ.

ಅಜ್ಜಿಯ ರಕ್ತದಲ್ಲಿ ಪೊಟ್ಯಾಸಿಯಂ 6.4, ಹಣ್ಣು ತಿಂದರೆ ಏರ್ತದೆ, ಹೃದಯಕ್ಕೇ ಅಪಾಯ. "ಹಣ್ಣು ಎಷ್ಟು ತಿಂದ್ರಿ?" "ಒಂದು." ಮಗಳು ಸಮೀಹಾ ಹಿಂದಿನಿಂದ ಎರಡೂ ಕೈಯ ಬೆರಳೆಲ್ಲ ತೋರಿಸಿದಳು. ಸರೀ ಬೈದೆ. ನನ್ನ ಅಮ್ಮನಿಗೂ ಹಾಗೆ ಬೈದವಳಲ್ಲ.

ಆಗಸ್ಟ್ 6, ಬುಧವಾರ

ಯೂನಿಟ್‌ನ ಬಾಗಿಲು ತೆಗೆಯುವಾಗಲೇ ಪರಿಮಳ. ನಿಂತುಬಿಟ್ಟೆ. ಕೇದಗೆ! ಡೆಟಾಲ್, ಬ್ಲೀಚ್ ಎಲ್ಲ ದಾಟಿ ಕೇದಗೆ. ಅಜ್ಜಿಯ ಮುಸುಕಿನೊಳಗೆ, ಕಿವಿಯ ಹಿಂದೆ ಒಂದು ಎಸಳು. ಬೆಟ್ಟದ ಕೆಳಗೆ ಸಮುದ್ರದ ಕಡೆ ಬೆಳೀತದಂತೆ. "ಕಾದಿ" ಅಂತಾರೆ. "ಹೇಳಿದ್ದೆನಲ್ಲ, ಪರಿಮಳದ್ದು ಬೇರೆ ಅಂತ." ಒಂದು ಎಸಳು ನನ್ನ ಜೇಬಿಗೆ ಹಾಕಿದರು. ಗಿಫ್ಟ್ ತೆಗೊಳ್ಳಬಾರದು ಅಂತ ರೂಲ್ಸ್. ತೆಗೊಂಡೆ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ, ಎಂತಕ್ಕೆ ಅಂತ ಗೊತ್ತಿಲ್ಲ.

ಸಮೀಹಾಳ ಮಗಳ ಮದುವೆ ಹದಿನಾಲ್ಕನೇ ತಾರೀಕಿಗೆ. ಅಜ್ಜಿಗೆ ಈಗ ಅದೊಂದೇ ಮಾತು.

ಆಗಸ್ಟ್ 13, ಬುಧವಾರ

ಒಂಬತ್ತನೇ ದಿನ, ರಜೆ ಇಲ್ಲದೆ. ಕಾಲು ನನ್ನದಲ್ಲ.

ಇವತ್ತು ಮೊಮ್ಮಗಳ ಮೆಹಂದಿ. ಅಜ್ಜಿಗೆ ಮೈಯೆಲ್ಲ ನೀರು ತುಂಬಿ ಮೂರು ಕಿಲೋ ಆರುನೂರು ಹೆಚ್ಚು. ಮೆಷಿನ್ ಹಾಕಿ ಮೂರು ಗಂಟೆ ಆಗುವಾಗ ನನ್ನ ಕೈ ಹಿಡಿದರು. "ಅರ್ಧ ಗಂಟೆ ಬಿಡು, ಯಾ ಬಿಂತಿ. ಮಂಜು ಬಿದ್ದರೆ ಘಾಟಿಯಲ್ಲಿ ಸಿಕ್ಕಿಹಾಕಿಕೊಳ್ತೇವೆ. ಹುಡುಗಿಯ ಕೈಗೆ ಮೊದಲ ಮೆಹಂದಿ ನಾನು ಇಡಬೇಕು." ಬೇಡ ಅಂದೆ. ಪುನಃ ಕೇಳಿದರು. ಕುರ್ಚಿ ಖಾಲಿಯಾದರೆ ನನಗೂ ಹತ್ತು ನಿಮಿಷ ಕೂತುಕೊಳ್ಳಬಹುದು ಅಂತ ಅನ್ನಿಸಿತು. ಸತ್ಯ ಬರೀಬೇಕಲ್ಲ, ಅನ್ನಿಸಿತು. ಡಾಕ್ಟರಿಗೆ ಕೇಳಲಿಲ್ಲ. ಉಳಿದ ನೀರೆಲ್ಲ ಬೇಗ ಎಳೆಯಲಿಕ್ಕೆ ಸ್ಪೀಡ್ ಏರಿಸಿದೆ.

ಬಿಪಿ 80/45. ಕಣ್ಣು ಮೇಲೆ ಹೋಯಿತು. ಕಾಲು ಎತ್ತಿಟ್ಟು ಸಲೈನ್ ಬಿಟ್ಟೆ. ಎಚ್ಚರ ಆಗಲಿಕ್ಕೆ ಕಾಲು ಗಂಟೆ ಹೋಯಿತು. ಮುಖ ಕಾಗದ. ಹೆದರಬಾರದು ಅಂತ ಕೈ ಸವರಿ, "ನಿಮ್ಮ ಕೈ ನಂಬರ್ ವನ್, ಇಡೀ ಯೂನಿಟ್‌ನಲ್ಲಿ ಇಂಥ ಕೈ ಇಲ್ಲ" ಅಂದೆ. ಸಮೀಹಾ ಅಲ್ಲೇ ಇದ್ದಳು. ಬಾಯಲ್ಲಿ ಮಾಶಾಅಲ್ಲಾ ಬರಲಿಲ್ಲ ನಂಗೆ. ಹೊಗಳಿದರೆ ಅದು ಹೇಳಲೇಬೇಕು ಇಲ್ಲಿ, ಇಲ್ಲದಿದ್ದರೆ ಕಣ್ಣು ತಾಗ್ತದೆ. ಇಷ್ಟು ವರ್ಷ ಮರೆತವಳಲ್ಲ.

ಮೂರೂವರೆ ಗಂಟೆಯಲ್ಲೇ ಮೆಷಿನ್ ಬಿಡಿಸಿ, ಶೀಟಿನಲ್ಲಿ ನಾಲ್ಕು ಗಂಟೆ ಅಂತ ಬರೆದೆ. ಬಿಪಿ ಇಳಿದದ್ದು ಬರೆಯಲಿಲ್ಲ. ರಶ್ ಇದ್ದ ದಿನ ಎಲ್ಲರೂ ಮಾಡ್ತಾರೆ ಇದನ್ನು. ನಾನು ಮೊದಲ ಸಲ.

ಆಗಸ್ಟ್ 16, ಶನಿವಾರ

ಬೆರಳಿಟ್ಟೆ. ಏನೂ ಇಲ್ಲ.

ಜಾಗ ಬದಲಿಸಿ ನೋಡಿದೆ. ಸ್ಟೆತ್ ಇಟ್ಟೆ. ಮೆಲ್ರಾಯ್ ಬಂದು ಇಟ್ಟ. ಅಜ್ಜಿ ನನ್ನ ಮುಖವನ್ನೇ ನೋಡ್ತಾ ಇದ್ದರು. ಬೆರಳಿನ ಮೆಹಂದಿ ಇನ್ನೂ ಕೆಂಪು.

ಆಗಸ್ಟ್ 19, ಮಂಗಳವಾರ

ಎರಡು ಸಲ ಪ್ರಯತ್ನ ಮಾಡಿದರಂತೆ ಸರ್ಜನ್. ರಕ್ತ ಗಟ್ಟಿಯಾಗಿ ಕೂತಿದೆ, ಬಿಡಲಿಲ್ಲ. ಬಿಪಿ ಹಾಗೆ ಇಳಿದರೆ ನಾಳದಲ್ಲಿ ರಕ್ತ ಗಟ್ಟಿಯಾಗ್ತದೆ. ಸದ್ಯದ ಡಯಾಲಿಸಿಸ್‌ಗೆ ಕುತ್ತಿಗೆಗೆ ಪೈಪ್ ಹಾಕಿ ಕಳಿಸಿದ್ದಾರೆ. ಇನ್ನು ಫಿಸ್ಟುಲಾ ಕಾಲಲ್ಲಿ ಮಾಡಿಸಬೇಕು, ಆದರೆ ಅಜ್ಜಿ ಒಪ್ಪಬೇಕಲ್ಲ. "ಖಲಾಸ್, ಇನ್ನು ಬರೂದಿಲ್ಲ, ಮನೆಯಲ್ಲೇ ಇರ್ತೇನೆ" ಅಂದರಂತೆ. ಡಯಾಲಿಸಿಸ್ ಬಿಟ್ಟರೆ ಎಷ್ಟು ದಿನ ಅಂತ ನಂಗೆ ಗೊತ್ತು. ಹತ್ತು, ಹನ್ನೆರಡು.

ಡಾಕ್ಟರು ಶೀಟ್ ತಿರುಗಿಸಿ ನೋಡಿದರು. ನಾಲ್ಕು ಗಂಟೆ, ಎಲ್ಲ ನಾರ್ಮಲ್. "ಆಗ್ತದೆ ಒಮ್ಮೊಮ್ಮೆ" ಅಂದರು. ನನ್ನ ಅಕ್ಷರ. ನಾನು ಪಕ್ಕದಲ್ಲೇ ನಿಂತಿದ್ದೆ, ಶೀಟ್ ತೆಗೊಂಡು ವಾಪಸ್ ಫೈಲಿಗೆ ಹಾಕಿದೆ. ಥೂ.

ಆಗಸ್ಟ್ 20, ಬುಧವಾರ

ಅಂತೂ ಸಮೀಹಾ ಬೇಡಿಕೊಂಡು ಅಜ್ಜಿಯನ್ನು ಕರೆದುಕೊಂಡು ಬಂದಳು. ನನ್ನನ್ನು ಕಾರಿಡಾರ್‌ಗೆ ಕರೆದಳು. ಸಿಟ್ಟಿಲ್ಲ, ಬೇಡಿಕೊಳ್ಳುವ ಸ್ವರ. ಕೈಯಲ್ಲಿ ಖಾಲಿ ಬಾಟ್ಲಿ.

"ಸಿಸ್ಟರ್, ನೀನು ಬೇಕಂತ ಮಾಡಿದ್ದಲ್ಲ. ಪ್ರೀತಿಯ ಕಣ್ಣೂ ತಾಗ್ತದೆ. ನೀನು ಕೈ ಮುಖ ತೊಳೆದ ನೀರು ಕೊಡು. ಅದನ್ನು ಉಮ್ಮಿಯ ಮೈಮೇಲೆ ಹಾಕಿದರೆ ಇಳೀತದೆ."

ನಗು ಬರಲಿಲ್ಲ. ಶರೋನ್ ಹುಟ್ಟಿದಾಗ ನನ್ನ ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದಳು, ಮರುದಿನ ಇಗರ್ಜಿಯ ಪೂಜೆಗೂ ಹೋಗಿದ್ದಳು. ನಾಳೆ ಕೊಡ್ತೇನೆ ಅಂದೆ.

ಮೆಲ್ರಾಯ್‌ಗೆ ಎಲ್ಲ ಹೇಳಿದೆ, ಅರ್ಧ ಗಂಟೆಯದ್ದೂ. "ಬಾಯಿ, ಕಣ್ಣು ಅಂತ ಅವರೇ ಹೇಳ್ತಾ ಇದ್ದಾರೆ. ಹೇಳಲಿ ಬಿಡಿ. ಕಣ್ಣು ತಾಗಿದ್ದಕ್ಕೆ ತಪ್ಪು ಬರೆದುಕೊಡುವ ಇನ್ಸಿಡೆಂಟ್ ಫಾರ್ಮ್ ಇಲ್ಲ. ನೀರು ಕೊಟ್ಟು ಕೈ ತೊಳೆದುಕೊಳ್ಳಿ."

ಆಗಸ್ಟ್ 21, ಗುರುವಾರ

ನೀರು ಕುದಿಸಿ, ತಣಿಸಿ, ಸರ್ಜಿಕಲ್ ಸೋಪಿನಲ್ಲಿ ಮೊಣಕೈವರೆಗೆ ತೊಳೆದು ಒರೆಸಿ, ಆಮೇಲೆ ಆ ನೀರಿನಲ್ಲಿ ಕೈ ಮುಖ ತೊಳೆದೆ. ಕೆಳಗೆ ಸ್ಟೀಲ್ ಬೋಗುಣಿ. ಕಣ್ಣು ಇಳಿಸುವ ನೀರನ್ನೂ ಕುದಿಸುವವಳು ನಾನೊಬ್ಬಳೇ ಇರಬೇಕು. ಬಾಟ್ಲಿಗೆ ಹೊಯ್ದು, ಗೇಟಿನಲ್ಲಿ ಸಮೀಹಾಗೆ ಕೊಟ್ಟೆ. "ಕುತ್ತಿಗೆಯ ಪೈಪಿಗೆ ತಾಗಬಾರದು. ಕಾಲಿಗೆ ಮಾತ್ರ. ಇನ್ಫೆಕ್ಷನ್ ಆಗ್ತದೆ." ತಲೆ ಆಡಿಸಿದಳು. ನನ್ನ ಹಣೆಗೆ ಮುತ್ತು ಕೊಟ್ಟಳು.

ಹೇಳಬೇಕು ಅಂತ ಬಾಯಿ ತೆಗೆದೆ. ಕಾರಿನಲ್ಲಿ ಅವಳ ಗಂಡ ಹಾರ್ನ್ ಹಾಕಿದ.

ಆಗಸ್ಟ್ 30, ಶನಿವಾರ

ಅಜ್ಜಿ ಬರ್ತಾ ಇದ್ದಾರೆ. ಮಾತು ಕಡಿಮೆ. ಸಮೀಹಾಗೆ ಮಾತ್ರ ಈಗ ಹಗುರ. ಕಣ್ಣು ಇಳೀತು, ಇನ್ನು ಕಾಲಿನ ಆಪರೇಷನ್ ಚೆನ್ನಾಗಿ ಆಗ್ತದೆ ಅಂತ ನಂಬಿಕೆ. ನನಗೆ ಜೇನು ತಂದಳು, ದಾಳಿಂಬೆ ತಂದಳು. ಎಲ್ಲರ ಎದುರು ತಬ್ಬಿಕೊಳ್ತಾಳೆ. ನಾನು ಮಾಡದ ತಪ್ಪನ್ನು ಕ್ಷಮಿಸಿದ್ದಾಳೆ. ಮಾಡಿದ್ದು ಹಾಗೇ ಉಂಟು.

ಸೆಪ್ಟೆಂಬರ್ 3, ಬುಧವಾರ

ಬರೆದೆ. ಒಂದು ಪೇಜು, ಇಂಗ್ಲಿಷಿನಲ್ಲಿ. ಟೈಮ್, ಸ್ಪೀಡ್, ಬಿಪಿ, ಎಲ್ಲ. ಇನ್ಚಾರ್ಜ್ ಮೇಡಂ ಎರಡು ಸಲ ಓದಿದರು. "ಫ್ಯಾಮಿಲಿ ಹ್ಯಾಪಿ ಇದ್ದಾರೆ. ಅಕ್ಟೋಬರ್‌ನಲ್ಲಿ ನಿನ್ನ ರಿನ್ಯೂವಲ್. ಎಂತಕ್ಕೆ ಇದು, ಲುಯಿಜಾ?" ಕಾಗದ ಮಡಚಿ ಡ್ರಾಯರ್‌ಗೆ ಹಾಕಿದರು. "ಒಂದು ವಾರ ಯೋಚನೆ ಮಾಡು. ಆಮೇಲೂ ಬೇಕಾದರೆ ಡಾಕ್ಟರಿಗೆ ಕಳಿಸ್ತೇನೆ." ಈ ಊರಲ್ಲಿ ಸತ್ಯ ತೆಗೊಳ್ಳುವವರೇ ಇಲ್ಲವಾ ಅನ್ನಿಸಿತು. ಊರಿನ ತಪ್ಪಲ್ಲ. ಎಲ್ಲ ಕಡೆ ಹೀಗೆಯೇ ಇರಬೇಕು.

ಜೇಸನ್‌ಗೆ ಹೇಳಿದೆ. ಈ ಸಲ ಜೋಕ್ ಮಾಡಲಿಲ್ಲ. "ಕೆಲಸದಿಂದ ಕಳಿಸಿದರೆ ಕಳಿಸಲಿ. ನೀನು ಬಾ, ನೋಡುವ" ಅಂದರು.

ಸೆಪ್ಟೆಂಬರ್ 6, ಶನಿವಾರ

ಸಮೀಹಾ ಹೊರಗೆ ಕೂತಿದ್ದಳು. ಪರದೆ ಎಳೆದು ಅಜ್ಜಿಯ ಹತ್ತಿರ ಸ್ಟೂಲ್ ಹಾಕಿ ಕೂತೆ. ನಿನ್ನೆ ಇಡೀ ದಿನ ಅರಬ್ಬಿ ಶಬ್ದ ಜೋಡಿಸಿಕೊಂಡಿದ್ದೆ. "ಕಣ್ಣು ಅಲ್ಲ, ಉಮ್ಮಿ. ಮೆಷಿನ್. ನಾನು ಜೋರು ಓಡಿಸಿದೆ. ಅರ್ಧ ಗಂಟೆ ಕಡಿಮೆ ಮಾಡಿದೆ. ಸುಳ್ಳು ಬರೆದೆ."

ಅಜ್ಜಿ ಮುಸುಕು ಸರಿ ಮಾಡಿಕೊಂಡರು. ಆಮೇಲೆ: "ಗೊತ್ತು. ಕೇಳಿದ್ದು ಯಾರು? ನಾನೇ ಅಲ್ವಾ."

ಅಳು ಬಂತು. ಅವರು ನನ್ನ ಮಣಿಕಟ್ಟು ಹಿಡಿದರು, ಗಟ್ಟಿಯಾಗಿ. "ಡಾಕ್ಟರಿಗೆ ಹೇಳು. ಅದು ನಿನ್ನ ಲೆಕ್ಕ. ಸಮೀಹಾಗೆ ಹೇಳಬೇಡ. ಅವಳ ಮಗಳ ಮೆಹಂದಿಗೆ ಅಂತ ಅಮ್ಮನ ಕೈ ಹೋಯಿತು ಅಂತ ಗೊತ್ತಾದರೆ ಅವಳು ಆ ಹುಡುಗಿಯ ಮುಖ ಹೇಗೆ ನೋಡ್ತಾಳೆ? ಕಣ್ಣು ಅಂತಲೇ ಇರಲಿ."

"ಕಾಲಿನ ಆಪರೇಷನ್?" ಕೇಳಿದೆ.

"ಮಾಡಿಸ್ತೇನೆ. ಆದರೆ ಇನ್ನು ಮೇಲೆ ನಾನು ಕೇಳಿದರೆ ಒಂದು ನಿಮಿಷವೂ ಕೊಡಬೇಡ. ಅತ್ತರೂ ಕೊಡಬೇಡ. ನಾನು ಕೇಳುವವಳೇ. ನನಗೆ ಗೊತ್ತಲ್ಲ ನನ್ನ ಬುದ್ಧಿ."

ಸೆಪ್ಟೆಂಬರ್ 8, ಸೋಮವಾರ
ಬೆಳಿಗ್ಗೆ 10.32

ಊರಲ್ಲಿ ಇವತ್ತು ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ, ಹೊಸ ಅಕ್ಕಿಯ ಊಟ. ಇಲ್ಲಿ ಬೆಳಿಗ್ಗೆಯಿಂದ ಮಂಜು. ನೇರಳೆ ಹೂವಿನ ಮರಗಳಲ್ಲಿ ಬರೀ ಎಲೆ. ಶೀಟಿನ ಅಡಿಯಲ್ಲಿ ಡೈರಿ ಇಟ್ಟು ಬರೀತಾ ಇದ್ದೇನೆ, ಕೈಗೆ ಬೇರೆ ಕೆಲಸ ಬೇಕು ಅಂತ. ಇನ್ಚಾರ್ಜ್ ಹತ್ತಿರ ಬೆಳಿಗ್ಗೆಯೇ ಹೇಳಿಯಾಯ್ತು, ಯೋಚನೆ ಮುಗೀತು, ಕಾಗದ ಡಾಕ್ಟರಿಗೆ ಕಳಿಸಿ ಅಂತ. ಕಳಿಸಿದರು.

ಮೆಷಿನ್ ಹಾಕಿ ಮೂರೂವರೆ ಗಂಟೆ ಆಗುವಾಗ ಶುರು ಮಾಡಿದರು ಅಜ್ಜಿ. ಬೆನ್ನು ನೋವು. ಕುತ್ತಿಗೆ ಉರಿ. "ಅರ್ಧ ಗಂಟೆ, ಯಾ ಬಿಂತಿ." ಇಲ್ಲ ಅಂದೆ. ಬೆನ್ನ ಹಿಂದೆ ದಿಂಬು ಕೊಟ್ಟೆ, ಬಿಸಾಡಿದರು. ಬಿಪಿ 124/70, ಸ್ಪೀಡ್ ಸರಿ, ಏನೂ ತೊಂದರೆ ಇಲ್ಲ. ನೋವು ಮಾತ್ರ ನಿಜ.

ಇನ್ನು ಇಪ್ಪತ್ತಾರು ನಿಮಿಷ ಬಾಕಿ. ಅಳ್ತಾ ಇದ್ದಾರೆ. "ನಿನಗೆ ಅಮ್ಮ ಇಲ್ವಾ? ಕಲ್ಲಾ ನೀನು?" ಮೂರು ಕುರ್ಚಿಯವರು ನನ್ನನ್ನೇ ನೋಡ್ತಾ ಇದ್ದಾರೆ. ಹೊರಗಿನಿಂದ ಸಮೀಹಾ ಬಂದು, "ಸಿಸ್ಟರ್, ಪಾಪ, ಇವತ್ತೊಂದು ದಿನ ಬಿಟ್ಟುಬಿಡು" ಅಂದಳು. ಅವಳಿಗೂ ಇಲ್ಲ ಅಂದೆ. ಮೊದಲ ಸಲ ನನ್ನನ್ನು ಬೇರೆ ಥರ ನೋಡಿದಳು.

ಇಪ್ಪತ್ತಮೂರು. ಗೋಡೆ ಕಡೆ ತಿರುಗಿದ್ದಾರೆ. ಮೆಷಿನ್ ಮುಟ್ಟಲಿಲ್ಲ ನಾನು. ಕಾಲು ಸೋತಿದೆ, ಕೂತುಕೊಳ್ಳಬಹುದು, ಕೂತಿಲ್ಲ. ಇಪ್ಪತ್ತೆರಡು. ಈಗ ಪುನಃ ಕರೀತಾ ಇದ್ದಾರೆ, ಈ ಸಲ ಬಿಂತಿ ಅಂತ ಅಲ್ಲ, ಹೆಸರು ಹಿಡಿದು —